ಮುದಕಪ್ಪ ಮಾಳಿಗಿ ಡಬ್ಬಿಗೆ ನವಿಲು ಏರಿಸಿದ್ದು

ಹೂಂ ಅನ್ನಾಕ ಒಬ್ರು ಇದ್ರ ಸಾಕು, ಶುರು ಮಾಡ್ತೀನಿ. ತೂಕಡಿಸೋರು ಗ್ವಾಡಿ ಕಡೆ ಸರೀರಿ.

ಒಂದೂರಾಗ ಇಂದ್ರವ್ವ ಅಂತ ಒಬ್ಬಾಕಿ ಇದ್ಳು. ಅಕಿಗೊಬ್ಬ ಮಗ. ಹುಟ್ಟಿದಾಗಲೇ ಮುದಕಪ್ಪ ಅಂತ ಹೆಸರಿಟ್ಟುಬಿಟ್ಟಿದ್ರು, ಹಂಗಾಗಿ ಬುದ್ಧಿ ಬೆಳೆಸಿಕೊಳ್ಳೂ ಅವಸರ ಅಂವಗ ಇರಲಿಲ್ಲ. ಕೂಡು ಅಂದ್ರ ಕೂಡಾಂವ, ಏಳು ಅನ್ನೂತನಕ ಏಳಾಂವಲ್ಲ. "ಶಿವನೇ, ಮಗಗ ಎರಡು ಕೈ ಕೊಟ್ಟಿ, ಎರಡು ಕಾಲು ಕೊಟ್ಟಿ, ಮ್ಯಾಲ ಒಂದು ತಲಿ ಇಡೂದು ಮರೆತಿ ನೋಡು!" ಅಂತ ಇಂದ್ರವ್ವ ಹಣಿ ಬಡಕೊಳ್ಳಾಕಿ. ಮುದಕಪ್ಪ ತಲಿ ಮುಟ್ಟಿ ನೋಡಿಕೊಂಡು, "ಐತಲ್ಲ ಯವ್ವಾ!" ಅನ್ನಾಂವ.

ಇಂದ್ರವ್ವ ಕುಬಸದ ಮ್ಯಾಲ ಕಸೂತಿ ಹಾಕಾಕಿ. ಸೂಜಿ ಹಿಡಿದು ಹಾಕೂ ಕಾಲ ಹೋತು, ಈಗ ಎಲ್ಲಾ ಮಷೀನು. ಅದರ ಸಂಸಾರ ಹೆಂಗಂದ್ರ, ಡಿಸೈನ್ ಇರೂದು ಪಡಸಾಲಿ ಕಂಪ್ಯೂಟರಿನ ಹೊಟ್ಟಿಯೊಳಗಿನ ಡಿಸ್ಕಿನಾಗ. ಹೊಲಿಯೂ ಮಷೀನು ಹಿತ್ತಲದಾಗ. ಎರಡರ ನಡುವ, ಮಾಳಿಗಿ ಮ್ಯಾಲ, ಒಂದು ಕರೀ ಡಬ್ಬಿ, ಅದಕ್ಕೂ ಬೆರಳಿಲೆ ಒತ್ತೂ ಒಂದು ಸಣ್ಣ ತೆರಿ. ಮನಿ ನೆಟ್‌ವರ್ಕಿಗೆಲ್ಲಾ ಅದೇ ಉಗ್ರಾಣ. ಮಷೀನಿಗೆ ಸೊಕ್ಕು ಎಷ್ಟಂದ್ರ, ಡಬ್ಬಿ ಬಡಿಸಿದ್ದಷ್ಟೇ ತಿಂತಿತ್ತು. ರಿಪೇರಿ ಜಾವೀದ ಡಬ್ಬಿ ಇಟ್ಟು ಹೋಗಿದ್ದ, ಆದ್ರ ಡಬ್ಬಿಗೂ ಕಂಪ್ಯೂಟರಿಗೂ ಇನ್ನೂ ಮಾತುಕತಿ ಆಗಿರಲಿಲ್ಲ.

ಇಂಥಾದ್ರಾಗ ಊರಾಗಿನ ಶಾಂಭವಿ ಅನ್ನೂ ಹುಡುಗಿ ಲಗ್ನ ಬಂತು. ಇಂದ್ರವ್ವನ ಕೈಗೆ ಬಂದ ಮೊದಲನೇ ಲಗ್ನದ ಕುಬಸ ಅದು. ಬೆನ್ನ ತುಂಬ ಗರಿ ಬಿಚ್ಚಿದ ನವಿಲು ಬೇಕು, ನಾಳೆ ಅಕ್ಕಿಕಾಳು ಹಾಕೂ ಮುಹೂರ್ತಕ್ಕ ಬೇಕು. ಮದಿಮಗಳ ಬೆನ್ನ ಮ್ಯಾಲ ನವಿಲು ಕುಣೀತಂದ್ರ ಊರಾಗ ಇಂದ್ರವ್ವನ ಹೆಸರು ಕುಣೀತು. ಇಲ್ಲಂದ್ರ ಮತ್ತ ಹರಕು ಚಡ್ಡಿಗೆ ತ್ಯಾಪಿ ಹಚ್ಚಿಕೋತ ಕೂಡಬೇಕು. ಕಣ್ಣು ಕೆಂಪಾಗೂತನಕ ಕಂಪ್ಯೂಟರಿನ ಮುಂದ ಕುಂತು ಆ ನವಿಲಿನ ಗರಿ ಒಂದೊಂದಾಗಿ ತಿದ್ದಿದ್ಳು ಅಕಿ.

"ಲೇ ಮುದ್ಯಾ, ನಾ ಹೋಳಗಿ ಮಾಡ್ತೀನಿ. ಕಂಪ್ಯೂಟರಿನ ಒಳಗಿನ ಡಿಸ್ಕು ಮಾಳಿಗಿ ಡಬ್ಬಿಗೆ ಸಿಗೂಹಂಗ ಮಾಡು!"

"ಹೂಂ ಯವ್ವಾ!"

ಹೇಳಿದ್ದು ಮಾಡೂದ್ರಾಗ ಮುದಕಪ್ಪ ಎಂದೂ ಹಿಂದಿಲ್ಲ. ಸ್ಕ್ರೂ ಬಿಚ್ಚಿದ, ಡಿಸ್ಕು ಕಿತ್ತ, ಟವಲಿನಾಗ ಸುತ್ತಿದ, ಮಾಳಿಗಿ ಹತ್ತಿದ, ಡಬ್ಬಿ ನೆತ್ತಿ ಮ್ಯಾಲ ಇಟ್ಟು ಹಗ್ಗದಿಂದ ಬಿಗಿದ. "ಸಿಕ್ತು ಯವ್ವಾ! ಡಬ್ಬಿ ಇನ್ನ ಬಿಡಂದ್ರೂ ಬಿಡಾಂಗಿಲ್ಲ!"

ಇಂದ್ರವ್ವ ಬಂದು ನೋಡಿದ್ಳು. ಕೈಯಾಗಿನ ಹೂರಣ ಕೈಯಾಗೇ ಉಳೀತು.

"ಅಯ್ಯ ಖೋಡಿ! ಒಳಗಿಂದು ಹೊರಗ ತೆಗೀತಾರೇನೋ? ಒಳಗಿಂದು ಒಳಗೇ ಇರಬೇಕು! ಬಾಕ್ಲ ತೆರೆದಿಟ್ರ ಸಾಕು, ಬೇಕಾದಾವ್ರು ತಾವೇ ಬಂದು ತಗೋತಾರ!"

"ಹಂಗ ಮೊದಲೇ ಹೇಳಬಾರದೇನ ಯವ್ವಾ? ಇನ್ನ ಮ್ಯಾಲ ಹಂಗೇ ಮಾಡ್ತೀನಿ."

ಇಂದ್ರವ್ವ ಡಿಸ್ಕು ಕಂಪ್ಯೂಟರು ಎರಡನ್ನೂ ಜಾವೀದನ ಅಂಗಡಿಗೆ ಹೊತ್ಕೊಂಡು ಹೊಂಟ್ಳು. ಹೋಗೂ ಮುಂದ ಹೇಳಿದ್ಳು: "ಹೋಳಗಿ ಬುತ್ತಿ ಕಟ್ಟಿಟ್ಟೀನಿ. ಲಗ್ನದ ಮನ್ಯಾವ್ರಿಗೆ ಕೊಡು!"

ಮುದಕಪ್ಪ ವಿಚಾರ ಮಾಡಿದ. ಬುತ್ತಿ ಒಳಗೈತಿ. ಒಳಗಿಂದು ಒಳಗೇ ಇರಬೇಕು. ಬಾಕ್ಲ ಹಾರು ಹೊಡೆದು ಪೂರಾ ತೆರೆದಿಟ್ಟ, ಕಟ್ಟಿ ಮ್ಯಾಲ ಹೋಗಿ ಕುಂತ. ಲಗ್ನದ ಮನ್ಯಾವ್ರು ಬರಲಿಲ್ಲ. ಎಮ್ಮಿ ಬಂತು. ಸೀದಾ ಒಳಗ ಹೋತು, ಹೋಳಗಿ ಅಷ್ಟೂ ತಿಂತು, ಹೊರಗ ಬಂದು ಇಂವನ ಮಾರಿ ನೋಡಿ ಮೂಗು ನೆಕ್ಕಿಕೊಂಡು ಹೋತು.

ಡಿಸ್ಕು ಕೂಡಿಸಿಕೊಂಡು ಬಂದ ಇಂದ್ರವ್ವ ಬರಿದಾದ ಬುತ್ತಿ ಎತ್ತಿ ಹಿಡಿದ್ಳು. "ಹೋಳಗಿ ಎಲ್ಲೋ?"

"ಬೇಕಾದಾವ್ರು ತಾವೇ ಬಂದು ತಗೊಂಡ್ರು ಯವ್ವಾ. ಕರೀಬಣ್ಣ, ಎರಡು ಕೋಡು."

"ನಿನ್ನ ತಲ್ಯಾಗ ಸೆಗಣಿ ಐತೇನೋ! ಬಂದಬಂದಾವ್ರನ್ನೆಲ್ಲಾ ಬಿಡ್ತಾರೇನು? ಹೆಸರು ಕೇಳಬೇಕು, ಪಾಸ್‌ವರ್ಡ್ ಕೇಳಬೇಕು! ಕಂಪ್ಯೂಟರಿಗಿದ್ದ ಬುದ್ಧಿ ನಿನಗಿಲ್ಲಲ್ಲೋ! ತಪ್ಪು ಹೇಳಿದ್ರ ಬಾಕ್ಲ ಹಾಕಿಬಿಡಬೇಕು!"

"ಹಂಗ ಮೊದಲೇ ಹೇಳಬಾರದೇನ ಯವ್ವಾ?"

ಅಕಿ ಹಿತ್ತಲಕ್ಕ ಹೋಗಿ ಮಷೀನಿಗೆ ದಾರ ಪೋಣಿಸಾಕ ಕುಂತ್ಳು. ಅಷ್ಟೊತ್ತಿಗೆ ಶಾಂಭವಿ ಸೋದರಮಾವ ಬಸಲಿಂಗಪ್ಪ ಬಂದ. ಮದಿಮಗಳ ಕುಬಸ ಸೋದರಮಾವನೇ ತರಬೇಕು, ಅದು ಪದ್ಧತಿ. ರುಮಾಲು ಏನು, ಮೀಸಿ ಏನು, ಬಗಲಾಗ ಹೊಲಿಸಿ ತಂದ ರೇಶ್ಮಿ ಕುಬಸ.

ಮುದಕಪ್ಪ ಬಾಕಲಕ್ಕ ಅಡ್ಡ ನಿಂತ. "ಹೆಸರು?"

"ಬಸಲಿಂಗಪ್ಪ."

"ಪಾಸ್‌ವರ್ಡು?"

"ಲೇ ತಮ್ಮಾ, ಬಿಸಲಾಗ ಬಂದೀನಿ, ಸರಿ ಅತ್ತಾಗ."

"ತಪ್ಪು. ಇನ್ನೊಮ್ಮೆ ಹೇಳ್ರಿ."

"ನಾ ಯಾರಂತ ಗೊತ್ತೈತೇನೋ ನಿನಗ?"

"ಅದೂ ತಪ್ಪು!" ಧಡ್ ಅಂತ ಬಾಕ್ಲ ಹಾಕಿದ. ರುಮಾಲಿನ ಚುಂಗು ಒಳಗ, ಬಸಲಿಂಗಪ್ಪ ಹೊರಗ.

ಇಂದ್ರವ್ವ ಎದ್ದೂಬಿದ್ದೂ ಓಡಿ ಬಂದು ಕಾಲು ಹಿಡಕೊಂಡ್ಳು. "ನಿನ್ನ ಮಗನ್ನ ಬ್ಯಾಂಕಿನ ತಿಜೋರಿ ಕಾಯಾಕ ಹಚ್ಚವ್ವಾ, ಮನ್ಯಾಗ ಇಟ್ಕೋಬ್ಯಾಡ!" ಅಂದ ಬಸಲಿಂಗಪ್ಪ. ಎಮ್ಮಿ ಸುದ್ದಿನೂ ಅಂವಗ ಹಾದ್ಯಾಗ ತಿಳಿದಿತ್ತು. "ಬುತ್ತಿ ಬರಲಿಲ್ಲ, ಮರ್ಯಾದಿನೂ ಸಿಗಲಿಲ್ಲ. ಲಗ್ನದ ಮನಿಗೆ ಬಂದು ನೀನೇ ಹೋಳಗಿ ಲಟ್ಟಿಸಿಕೊಡು, ಇಲ್ಲಂದ್ರ ಕುಬಸ ಬ್ಯಾರೆ ಕಡೆ ಕೊಡ್ತೀನಿ!"

ಹೋಗಲೇಬೇಕಾತು. ಹೋಗೂ ಮುಂದ ಮಗನ ಕಿವಿ ಹಿಂಡಿದ್ಳು: "ಮನಿಗೆ ಬಂದಾವ್ರಿಗೆ ಪಾಸ್‌ವರ್ಡ್ ಕೇಳ್ತಾರೇನೋ ಹುಚ್ಚಪ್ಯಾಲಿ! ಬೆಲ್ಲಾ ನೀರು ಕೊಟ್ಟು, ಕೈ ಮುಗಿದು ಸುಮ್ಮ ನಿಂದ್ರಬೇಕು! ಈಗ ಡಬ್ಬಿಗೆ ಕಂಪ್ಯೂಟರ್ ಕೂಡಿಸು. ಡಬ್ಬಿ ತೆರೀ ಮ್ಯಾಲ ಏನರ ಬಂತಂದ್ರ ಫೋನ್ ಹಚ್ಚು!"

ಸ್ವಲ್ಪ ಹೊತ್ತಿಗೆ ಫೋನು. ಇಂದ್ರವ್ವನ ಎರಡೂ ಕೈ ಕಣಕದಾಗ. ಬಾಜೂದಾಕಿ ಫೋನು ಎತ್ತಿ, ಸ್ಪೀಕರ್ ಹಚ್ಚಿ, ಹೋಳಗಿ ಮಣಿ ಪಕ್ಕ ಇಟ್ಳು.

"ಯವ್ವಾ, ಕಂಪ್ಯೂಟರ್ ಡಬ್ಬಿ ಬಾಕಲದಾಗ ಬಂದು ನಿಂತೈತಿ. ಬೆಲ್ಲಾ ನೀರು ಇಟ್ಟೀನಿ. ಕುಡೀವಲ್ದು. ಇರಿವಿ ಮುತ್ತ್ಯಾವು."

"ನೀರು ಸರಸೋ ಮಬ್ಬ! ಅದೇನು ಬೀಗರೇನು? ತೆರೀ ಮ್ಯಾಲ ಏನು ಕೇಳಾಕತ್ತೈತಿ?"

"ಪಾಸ್‌ವರ್ಡು."

ಇಂದ್ರವ್ವ ಸುತ್ತಮುತ್ತ ನೋಡಿದ್ಳು. ಪಾಸ್‌ವರ್ಡ್ ಇಡೂ ಮುಂದ ಜಾವೀದ, "ಯಾರ ಮುಂದೂ ಬಾಯಿ ಬಿಡದಂಥ ಮಾತು ಇಡ್ರಿ" ಅಂದಿದ್ದ. ಯಾರ ಮುಂದೂ ಬಾಯಿ ಬಿಡದ ಮಾತು ಅಂದ್ರ ಗಂಡನ ಹೆಸರು, ಇನ್ನೇನು!

"ನಿಮ್ಮಪ್ಪನ ಹೆಸರು ಹಾಕೋ."

ಅಪ್ಪನ ಹೆಸರು ಮುದಕಪ್ಪಗ ಗೊತ್ತಿಲ್ಲದೇನು? ಮನ್ಯಾಗ ಅವ್ವ ಕರೀತಿದ್ದದ್ದು ಅದೊಂದೇ. "ಏನ್ರಿ" ಅಂತ ಹೊಡೆದ. "ತಪ್ಪಂತ ಯವ್ವಾ!"

ಲಗ್ನದ ಮನಿ ಹೆಣ್ಣಮಕ್ಕಳೆಲ್ಲಾ ಹೋಳಗಿ ಬಿಟ್ಟು ಸುತ್ತ ಕೂಡಿದ್ರು. "ಒಡಪ ಹಾಕಿ ಹೇಳ ಇಂದ್ರವ್ವ! ಒಡಪಿನಾಗ ಹೇಳಿದ್ರ ದೋಷಿಲ್ಲ!" ಮುದುಕಿಯೊಬ್ಬಾಕಿ, "ಲಗ್ನಾಗಿ ಇಪ್ಪತ್ತು ವರ್ಷ ಆತು, ಇನ್ನೂ ನಾಚಿಕಿ ನೋಡು ಇಕಿಗೆ!" ಅಂತ ತಿವಿದ್ಳು. ಇಂದ್ರವ್ವ ಸೆರಗು ಬಾಯಿಗೆ ಅಡ್ಡ ಹಿಡದು ಅಂದ್ಳು:

"ಎಣಗಾಯಿ ಪಲ್ಲೇಕ ಗುರೆಳ್ಳ ಪುಡಿ,
ಗುರಸಿದ್ದಪ್ಪನವ್ರು ಸಿಟ್ಟಾದ್ರ ಮನಿಯೆಲ್ಲಾ ಸಿಡಿಮಿಡಿ!"

ಹೋ ಅಂದ್ರು ಎಲ್ಲಾರೂ. ಇತ್ತಾಗ ಮುದಕಪ್ಪ ಒಂದೊಂದೇ ಅಕ್ಷರ ಹುಡುಕಿ ಎಣಗಾಯಿ ಹೊಡೆದ, ಪಲ್ಲೆ ಹೊಡೆದ, ಗುರೆಳ್ಳ ಪುಡಿ ಹೊಡೆದ, ಸಿಡಿಮಿಡಿತನಕ ಹೊಡೆದ. "ಯವ್ವಾ, ತಪ್ಪಂತ! ಇನ್ನೊಂದೇ ಸಲ ಬಿಡ್ತೈತಂತ, ಆಮ್ಯಾಲ ಕೀಲಿ ಬೀಳತೈತಂತ!"

"ಅಯ್ಯ ನಿನ್ನ! ಎಣಗಾಯಿ ಯಾಕ ಹಾಕಿದ್ಯೋ? ಹೆಸರಷ್ಟು ಹಾಕು! ಉಳಿದದ್ದೆಲ್ಲಾ ಅಳಿಸಿಬಿಡು!"

ಹೆಸರಷ್ಟು ಹಾಕಿದ. ತೆರೀತು! ಕಂಪ್ಯೂಟರಿನ ಡಿಸ್ಕು ಡಬ್ಬಿಗೆ ಕಂಡ್ತು, ಡಬ್ಬಿ ಮಷೀನಿಗೆ ತೋರಿಸ್ತು.

"ಬಂತು ಯವ್ವಾ! ಡಬ್ಬಿಯೊಳಗ ನವಿಲು ಬಂತು!"

ಇಂದ್ರವ್ವನ ಕಣ್ಣಾಗ ನೀರು ಬಂತು. "ನನ್ನ ಬಂಗಾರ! ಕುಬಸ ಚೌಕಟ್ಟಿಗೆ ಬಿಗಿದಿಟ್ಟೀನಿ. ಮಷೀನಿಗೆ ಹಾಕು, ಹೊಲಿಸು, ಮಡಚಿ ಮದಿಮಗಳಿಗೆ ಮುಟ್ಟಿಸು!"

ಮುಟ್ಟಿಸಿದ. ಸಂಜೀಗೇ ಮುಟ್ಟಿಸಿದ. ಹೋಳಗಿ, ಕಡಬು, ಆರತಿ ಅಂತ ಇಂದ್ರವ್ವಗ ಬಿಚ್ಚಿ ನೋಡಾಕ ಪುರಸೊತ್ತಾಗಲಿಲ್ಲ. ಮುಂಜಾನೆ ಮದಿಮಗಳಿಗೆ ಕುಬಸ ಹಾಕಿದ ಹುಡುಗ್ಯಾರು ಮಾರಿ ಮಾರಿ ನೋಡಿಕೊಂಡ್ರು, ಈಗ ಹಿಂಗೇ ಫ್ಯಾಷನ್ ಇರಬೇಕಂತ ಸುಮ್ಮನಾದ್ರು.

ಅಕ್ಕಿಕಾಳು. ಮದಿಮಗಳು ಎದ್ದು ನಿಂತ್ಳು, ಮಂದಿ ಕಡೆ ಬೆನ್ನು. ಭಟ್ಟರು ಮಂತ್ರ ಮುಗಿಸಿದ್ರು, ವಾಲಗ ಬಾರಿಸಿದ್ರು. ಒಂದು ಕಾಳೂ ಬೀಳಲಿಲ್ಲ. ಎಲ್ಲಾರೂ ಕೈಯಾಗ ಅಕ್ಕಿ ಹಿಡಕೊಂಡು ಓದಾಕ ನಿಂತುಬಿಟ್ಟಿದ್ರು. ಬಸಲಿಂಗಪ್ಪ ಕನ್ನಡಕ ಏರಿಸಿ ದೊಡ್ಡ ದನಿಲೆ ಓದಿದ. ರೇಶ್ಮಿ ಅರಿವಿ ಮ್ಯಾಲ, ಬೆನ್ನ ತುಂಬ, ಬಂಗಾರದ ದಾರದಾಗ, ದಪ್ಪ ದಪ್ಪ ಅಕ್ಷರ:

"ನವಿಲು ಹೊಸಾದು ಕಡೀದು ಇದೇ ಖರೇ ಕಡೀದು ಎರಡು."

ಇಂದ್ರವ್ವ ಆರತಿ ತಟ್ಟಿ ಅಲ್ಲೇ ಇಟ್ಟು ಮಗನ ಕಡೆ ಓಡಿದ್ಳು. "ಲೇ ಮುದ್ಯಾ... ಇದು ನವಿಲಿನ ಫೈಲಿಗೆ ನಾ ಇಟ್ಟ ಹೆಸರೋ! ನವಿಲು ಎಲ್ಲೋ?"

"ನೀನೇ ಹೇಳಿದ್ಯಲ್ಲ ಯವ್ವಾ," ಅಂದ ಮುದಕಪ್ಪ, ಎದಿ ಉಬ್ಬಿಸಿ. "ಹೆಸರಷ್ಟು ಹಾಕೀನಿ. ಉಳಿದದ್ದೆಲ್ಲಾ ಅಳಿಸೀನಿ. ಮಷೀನಿನಾಗ ಅಳಿಸಿದೆ, ಡಬ್ಬಿಯಾಗ ಅಳಿಸಿದೆ. ಕಂಪ್ಯೂಟರಿನ ಹೊಟ್ಟಿಯೊಳಗಿಂದು? ಅದನ್ನೂ ಮಾಳಿಗಿ ಮ್ಯಾಲ ಕುಂತೇ, ಡಬ್ಬಿ ಹಾದಿಲೇ ಅಳಿಸಿದೆ ಯವ್ವಾ. ಒಂದು ಸ್ಕ್ರೂ ಬಿಚ್ಚಿಲ್ಲ ನೋಡು!"