ಲಂಟಾನದ ಕೌದಿ

ತುಂಬೆ ಹೂ ಸಿಗಲಿಲ್ಲ ಅಂತ ಮಾರಿ ಉಬ್ಬಿಸಿಕೊಂಡು ಕುಂತ್ರ ಏನ್ ಬಂತು, ಲೀಲಾ? ಬುಟ್ಟಿ ಕೆಳಗಿಡು. ಈ ಅಜ್ಜಿಗೂ ಸಿಗಲಿಲ್ಲ. ಯಾಕ ಸಿಗಲಿಲ್ಲ ಅಂತ ಹೇಳ್ತೀನಿ, ಕೇಳು.

ಭೂಮಿ ಇನ್ನೂ ಹಸಿಮಣ್ಣಿನ ಮುದ್ದೆ ಆಗಿದ್ದಾಗಿನ ಮಾತು. ಆಗ ಪ್ರತಿಯೊಂದು ಗಿಡಾನೂ ತನ್ನ ಬೀಜದೊಳಗ ಒಂದು ಪುಟ್ಟ ಕೌದಿ ಇಡ್ತಿತ್ತು. ಹಳೇ ಅರಿವೆ ತುಂಡು ಜೋಡಿಸಿ ಹೊಲಿದ ಹೊದಿಕೆ. ಅದು ತಾಯಿಯಿಂದ ಮಗಳಿಗೆ ಬರೂದು, ಅಪ್ಪಂದಲ್ಲ. ಕೌದಿ ಬೆಚ್ಚಗಿದ್ರಷ್ಟ ಮೊಳಕೆಗೆ ಕಸುವು.

ಒಂದಿನ ಗಾಳಿ ಕಡಲಾಚೆಯಿಂದ ಒಬ್ಬ ಬಸುರಿಯನ್ನು ತಂದು ನಮ್ಮ ಗುಡ್ಡದ ಮ್ಯಾಲೆ ಇಳಿಸಿತು. ಆಕೀನ ಲಂಟಾನ ಗಿಡ. ಆಕಿ ಕೌದಿ ದಾರಿಯೊಳಗ ಹರಿದು ಚಿಂದಿಯಾಗಿತ್ತು.

“ಯವ್ವಾ, ನನ್ನ ಮಕ್ಕಳು ಚಳಿಗೆ ಸಾಯ್ತಾವ. ಒಂದೊಂದು ತುಂಡು ಕೊಡ್ರೆವ್ವಾ,” ಅಂತ ಅತ್ತಳು.

ಕೂಸಿನ ಕೌದಿಗೆ ಅರಿವೆ ಕೇಳಿದ್ರ ಇಲ್ಲ ಅನಬಾರದು. ಅದು ನಮ್ಮ ಕಡೆ ರೀತಿ. ಹುಲ್ಲು ಕೊಟ್ಟಿತು, ಕಾರೆ ಗಿಡ ಕೊಟ್ಟಿತು. ತುಂಬೆ ಅಂತೂ ತನ್ನ ಮಗಳ ಕೌದಿ ಅಂಚನ್ನೇ ಹರೀಲಿಕ್ಕೆ ಹೊಂಟಳು. ಎಂಥಾ ಹುಚ್ಚಿ!

“ಬ್ಯಾಡ, ತುಂಬವ್ವಾ,” ಅಂತು ಗಾಳಿ. “ಅಯ್ಯೋ ಪಾಪ ಅಂದ್ರ ಅರ್ಧ ಆಯುಷ್ಯ. ಬೇರು ಬಿಟ್ಟಾಕಿ ಏಳಂದ್ರ ಏಳೂದಿಲ್ಲ.”

“ಕೂಸಿಗೆ ಕೇಳ್ಯಾಳ. ಹ್ಯಾಂಗ ಇಲ್ಲ ಅನ್ಲಿ?” ಅಂದು ತುಂಬೆ ಹರಿದು ಕೊಟ್ಟಳು.

ಲಂಟಾನ ಹೊಲಿದಳು. ಬಿಚ್ಚಿದಳು, ತುಂಡು ಅತ್ತಿತ್ತ ಮಾಡಿ ಮತ್ತ ಹೊಲಿದಳು. ಹುಲ್ಲಿನ ತುಂಡು ಬಿಸಿಲು ತಡೀತು, ಕಾರೆಯದು ಬರ ತಡೀತು, ತುಂಬೆಯದು ಮಳೆ ತಡೀತು. ಆ ಕೌದಿ ಹೊದ್ದ ಮಕ್ಕಳು ಸಾಯಲೇ ಇಲ್ಲ. ಗುಡ್ಡ ತುಂಬಿದರು, ಹಳ್ಳದ ದಂಡಿ ತುಂಬಿದರು. ಅವರ ನೆರಳಿನ ಬುಡಕ್ಕ ತುಂಬೆ ಮಕ್ಕಳು ಬಿಳುಚಿಕೊಂಡು ಒಬ್ಬೊಬ್ಬರಾಗಿ ಸತ್ತರು.

ಕಡೀಗೆ ಒಬ್ಬಳೇ ಮಗಳು ಉಳಿದಳು. ತುಂಬೆ ಕೂಗಿದಳು: “ಅಕ್ಕಾ, ನಂದು ತುಂಡು ನನಗ ಕೊಡು. ಈಕಿ ನಡಗಾಕತ್ತಾಳ.”

ಲಂಟಾನ ಕೌದಿ ಹರವಿ ಹುಡುಕಿದಳು, ಹುಡುಕೇ ಹುಡುಕಿದಳು. “ಯಾವುದು ನಿಂದು, ಯಾವುದು ನಂದು, ನನಗ ತಿಳೀವಲ್ದು ತಂಗಿ. ಪೂರಾ ಬಿಚ್ಚಿದ್ರ ನನ್ನ ಮಕ್ಕಳು ಸಾಯ್ತಾವ.”

ಆಕಿ ಸುಳ್ಳು ಹೇಳಲಿಲ್ಲ, ಲೀಲಾ. ಅದಕ್ಕ ನನ್ನ ಹೊಟ್ಟಿ ಉರೀತೈತಿ. ಮನಸಾರೆ ಬೈಯಾಕೂ ಬರೂದಿಲ್ಲ. ತುಂಬೆ ಮಗಳ ಜೀವ ಅವತ್ತ ಸಂಜಿಯೊಳಗ ಹೋತು. ಗಾಳಿಗೂ ಏನೂ ಮಾಡಾಕ ಆಗಲಿಲ್ಲ.

ಅದಕ್ಕ ನೋಡು, ಇವತ್ತಿಗೂ ಲಂಟಾನದ ಒಂದೇ ಗೊಂಚಲಿನೊಳಗ ಹಳದಿ, ಕೇಸರಿ, ಗುಲಾಬಿ ಹೂವು ಕೌದಿ ತುಂಡಿನಂಗ ಒತ್ತಿಕೊಂಡಿರ್ತಾವ, ಮತ್ತ ಅದರ ಬುಡಕ್ಕ ಎಷ್ಟು ಬಗ್ಗಿ ಹುಡುಕಿದ್ರೂ ನಿನ್ನ ಬುಟ್ಟಿಗೆ ಒಂದೂ ತುಂಬೆ ಹೂ ಸಿಗೂದಿಲ್ಲ.