ಕೊನೆಯ ತಾಟಿನವರೆಗೆ

ಪರಮಪೂಜ್ಯ ನಿಜಲಿಂಗಮ್ಮ ತಾಯಿಯವರ ದರ್ಶನಕ್ಕೆಂದು ಬಂದವರು ಮೊದಲು ಗದ್ದುಗೆಯ ಕಡೆಗೆ ನಡೆಯುತ್ತಿದ್ದರು. ಅಲ್ಲಿ ಅವರು ಇರುತ್ತಲೇ ಇರಲಿಲ್ಲ. ಧಾರವಾಡ ಸೀಮೆಯ ಆ ಸಣ್ಣ ಆಶ್ರಮದಲ್ಲಿ ತಾಯಿಯವರನ್ನು ಹುಡುಕಬೇಕಾದದ್ದು ದಾಸೋಹದ ಅಡುಗೆಮನೆಯಲ್ಲಿ. ಹಳೆಯ ಗೋಣಿತಟ್ಟಿನ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಎಂಥ ದೊಡ್ಡ ಮನುಷ್ಯರು ಬಂದರೂ ಅವರ ಮುಂದೊಂದು ಸಿವುಡು ಸೊಪ್ಪು ಸರಿಸಿ ಕೂಡ್ರಿಸುತ್ತಿದ್ದರು. ಒಲ್ಲೆ ಎನ್ನುವ ಧೈರ್ಯ ಯಾರಿಗಿತ್ತು?

ಆಶ್ರಮದ ಪಂಕ್ತಿಗೆ ತಾಯಿಯವರೇ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಬಡಿಸುವುದು ಶುರುವಾದೊಡನೆ ಅಲ್ಲಿ ಬೆಳೆಯುವ ಮಕ್ಕಳಲ್ಲಿ ಒಬ್ಬರು ಎದ್ದು ನಿಂತು ಹಾಡಬೇಕು. ಕೊನೆಯ ತಾಟಿಗೆ ಅನ್ನ ಬೀಳುವವರೆಗೆ ಹಾಡು ನಡೆಯಬೇಕು, ಬಿದ್ದೊಡನೆ ಮುಗಿಯಬೇಕು. ನಡುವೆ ಹಾಡು ನಿಂತರೆ ಬಡಿಸುವವರ ಕೈಯೂ ನಿಲ್ಲಬೇಕು. ಜನ ಕಡಿಮೆಯಿದ್ದರೆ ಹಾಡು ಚಿಕ್ಕದು, ಅಮಾವಾಸ್ಯೆಯ ದಿನ ದೊಡ್ಡದು. ಹೀಗೆ ಎದುರಿಗಿರುವವರನ್ನು ನೋಡುತ್ತಲೇ ಹಾಡನ್ನು ಬೆಳೆಸುವುದು, ಮಡಚುವುದು ಆಶ್ರಮದ ಮಕ್ಕಳಿಗೆಲ್ಲ ರೂಢಿಯಾಗಿತ್ತು.

ಒಂದು ಸೋಮವಾರ ರಾಚಯ್ಯ ಮಾಸ್ತರರು ಮಗಳು ಸುಲೋಚನಾಳನ್ನು ಕರೆದುಕೊಂಡು ಬಂದರು. ಮಾಸ್ತರರು ಪಟ್ಟಣದಲ್ಲಿ ಸಂಗೀತದ ಕ್ಲಾಸು ನಡೆಸುತ್ತಿದ್ದರು. ಮಕ್ಕಳನ್ನು ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ಪಾಸು ಮಾಡಿಸುವುದರಲ್ಲಿ ಅವರದು ಎತ್ತಿದ ಕೈ. ಸಾಧುಸಂತರ ವಿಷಯದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಹೆಂಡತಿಯ ಕಾಟ ತಡೆಯಲಾರದೆ ಬಂದಿದ್ದೇನೆಂದು ಕೂಡುವ ಮೊದಲೇ ಹೇಳಿಬಿಟ್ಟರು. ತಾಯಿಯವರು ನಕ್ಕು ಸೊಪ್ಪು ಸರಿಸಿದರು.

ಸೊಪ್ಪು ಸೋಸುತ್ತ ಮಾಸ್ತರರು ತಮ್ಮ ಸಂಕಟ ತೋಡಿಕೊಂಡರು. ಮಗಳು ಜೂನಿಯರ್ ಪರೀಕ್ಷೆಯಲ್ಲಿ ಕೇಂದ್ರಕ್ಕೇ ಮೊದಲಿಗಳು. ಆಮೇಲೆ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳನ್ನು ಹಾಡಿಸಿದರಂತೆ. ಕೂಸು ಚೆಂದವಾಗಿಯೇ ಹಾಡಿತು. ಮುಗಿದ ಮೇಲೆ, ಪರೀಕ್ಷಕರ ಮುಂದೆ ಹೇಳುವ ಹಾಗೆ, ರಾಗ ಭೂಪ, ತೀನತಾಲ, ವರ್ಜ್ಯ ಸ್ವರ ಮಧ್ಯಮ ನಿಷಾದ ಎಂದು ಒಪ್ಪಿಸಿ, ಕೈಕಟ್ಟಿಕೊಂಡು ಮುಂದಿನ ಪ್ರಶ್ನೆಗೆ ಕಾಯುತ್ತ ನಿಂತುಬಿಟ್ಟಿತು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಂದಿನಿಂದ ಮಗುವಿನ ಬಾಯಿಗೆ ಬೀಗ ಬಿದ್ದಂತಾಯಿತು. ಸಂಗೀತವೇ ಬೇಡವೆಂದು ಹಟ ಹಿಡಿದಿದ್ದಾಳೆ, ಸೀನಿಯರ್ ಪರೀಕ್ಷೆಗಾದರೂ ಕೂಡುವಂತೆ ಹರಸಬೇಕು, ಸಭೆಯ ಗೊಡವೆ ಇನ್ನು ಬೇಡ, ಚಪ್ಪಾಳೆಯ ರುಚಿ ಹತ್ತಿದ ಮಕ್ಕಳು ಕೆಟ್ಟುಹೋಗುತ್ತಾರೆ ಎಂದರು.

ತಾಯಿಯವರು ಊಟಕ್ಕೆ ಏಳಿರಿ ಎಂದರು. ಪಂಕ್ತಿ ಕುಳಿತ ಮೇಲೆ ಸುಲೋಚನಾಳ ತಲೆ ಸವರಿ, ಇವತ್ತು ನೀನು ಹಾಡುತ್ತೀಯಾ ಎಂದು ಕೇಳಿದರು. ತನಗೆ ಪರೀಕ್ಷೆಯದಷ್ಟೇ ಬರುತ್ತದೆ ಎಂದು ಮಗು ತಲೆ ತಗ್ಗಿಸಿತು.

"ಅದನ್ನ ಹಾಡವ್ವಾ. ಬಡಸೋರ ಕಡೆ ನೋಡಕೋತ ಹಾಡು" ಎಂದರು ತಾಯಿಯವರು.

ಆ ಮಾತಿಗೆ ಇಲ್ಲ ಎನ್ನಲಾರದೆ ಮಗು ಎದ್ದು ನಿಂತಿತು. ಸಣ್ಣ ದನಿಯಲ್ಲಿ ಭೂಪ ಶುರುವಾಯಿತು. ಬಂದಿಶಿನ ಸಾಲುಗಳು ಮುಗಿದವು, ಬಾಯಿಪಾಠದ ತಾನುಗಳೂ ಮುಗಿದವು. ಬಡಿಸುವುದು ಅರ್ಧಕ್ಕೆ ಬಂದಿತ್ತು. ಮಗು ಹಾಡು ನಿಲ್ಲಿಸಿ, ಅಭ್ಯಾಸಬಲದಿಂದ ರಾಗದ ಹೆಸರು ಹೇಳತೊಡಗಿತು. ಬಡಿಸುವವರು ಸೌಟು ಹಿಡಿದು ನಿಂತರು. ಯಾರೂ ನಗಲಿಲ್ಲ, ಪಾಪ, ಹಸಿದವರಿಗೆ ನಗು ಎಲ್ಲಿಯದು! ಮಾಸ್ತರರು ಮಾತ್ರ ಅವಮಾನದಿಂದ ಕೆಂಪಾಗಿ, ಮಗಳನ್ನು ಕರೆದೊಯ್ಯಲು ಅರ್ಧ ಎದ್ದರು.

"ಕೂಡ್ರಿ ಮಾಸ್ತರ" ಎಂದರು ತಾಯಿಯವರು. "ಇಲ್ಲಿ ಮಾರ್ಕು ಹಾಕೋರು ಯಾರೂ ಇಲ್ಲ. ಹಸದೋರು ಅದಾರ."

ಆ ಮಾತು ಮಗುವಿನ ಕಿವಿಗೂ ಬಿತ್ತು. ಆಗ ಅದು ತಲೆ ಎತ್ತಿ ಪಂಕ್ತಿಯನ್ನು ನೋಡಿತು. ತುದಿಯಲ್ಲಿ ಒಬ್ಬ ಮುದುಕಿ ಖಾಲಿ ತಾಟು ಹಿಡಿದು ಮಗುವಿನ ಮುಖವನ್ನೇ ನೋಡುತ್ತಿದ್ದಳು. ಸುಲೋಚನಾ ಮತ್ತೆ ಹಾಡು ಎತ್ತಿಕೊಂಡಳು. ಮೊದಲು ಕಲಿತದ್ದನ್ನೇ ತಿರುಗಿಸಿ ಹಾಡಿದಳು. ಆಮೇಲೆ ಗಾಂಧಾರದ ಮೇಲೆ ತುಸು ನಿಂತು, ಯಾರೂ ಕಲಿಸದ ದಾರಿಯಲ್ಲಿ ಮೆಲ್ಲಗೆ ಇಳಿದಳು. ಅವಳ ಕಣ್ಣು ಸೌಟಿನ ಹಿಂದೆಯೇ ಇತ್ತು. ಮುದುಕಿಯ ತಾಟಿಗೆ ಅನ್ನ ಬೀಳುವುದಕ್ಕೂ ಅವಳು ಷಡ್ಜಕ್ಕೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಂಡವರ ಮೈ ಜುಮ್ಮೆಂದಿತು.

ಮಾಸ್ತರರು ಊಟ ಬಿಟ್ಟೆದ್ದು ತಾಯಿಯವರ ಪಾದ ಹಿಡಿದರು. ಇನ್ನು ಯಾವ ಮಗುವನ್ನೂ ಪರೀಕ್ಷೆಗೆ ಕೂಡ್ರಿಸುವುದಿಲ್ಲ ಎಂದು ಅತ್ತರು. ತಾಯಿಯವರ ಜಾಗದಲ್ಲಿ ನಾವಾಗಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆವು. ಅವರ ಮುಖ ಮಾತ್ರ ಗಂಭೀರವಾಯಿತು.

"ಪರೀಕ್ಷೆ ಬ್ಯಾಡ ಅಂದವರು ಯಾರು? ಅಷ್ಟೊತ್ತು ಹಾಡಿದರೂ ಕೂಸಿನ ಸ್ವರ ಜಾರಲಿಲ್ಲ. ಅದು ನೀವು ತಿದ್ದಿದ್ದು. ನಮ್ಮ ಮಕ್ಕಳು ದಿನಾ ಹಾಡತಾವ, ಶ್ರುತಿ ಎಲ್ಲಿ ಬಿಟ್ಟೆವು ಅನ್ನೂದು ಅವಕ್ಕ ತಿಳಿಯೂದಿಲ್ಲ. ಅವನ್ನ ನಿಮ್ಮ ಪರೀಕ್ಷೆಗೆ ಕಳಸತೀನಿ. ನಿಮ್ಮವನ್ನ ನಮ್ಮ ಪಂಕ್ತಿಗೆ ಕಳಸ್ರಿ."

ಅಷ್ಟು ಹೇಳಿ, ಸಂಜೆಯ ಪಂಕ್ತಿಗೆ ಮಾಸ್ತರರೇ ಹಾಡಬೇಕೆಂದು ಅಪ್ಪಣೆ ಕೊಟ್ಟರು. ಮಾಸ್ತರರ ಮುಖ ಬಿಳಿಚಿತು. ನಿಜ ಆಗ ಅವರ ಬಾಯಿಂದಲೇ ಹೊರಬಿತ್ತು. ಆ ಮಹಾನುಭಾವರು ಜನ್ಮದಲ್ಲಿ ಪರೀಕ್ಷಕರ, ಕ್ಲಾಸಿನ ಮಕ್ಕಳ ಮುಂದಲ್ಲದೆ ಬೇರೆ ಯಾರ ಮುಂದೆಯೂ ಹಾಡಿರಲೇ ಇಲ್ಲ. ಸಭೆ ಎಂದರೆ ಅವರಿಗೇ ಅಂಜಿಕೆ. ಮಕ್ಕಳು ಕೆಡುತ್ತಾರೆ ಎನ್ನುತ್ತ ಬಂದದ್ದು ಆ ಅಂಜಿಕೆಯನ್ನು ಮುಚ್ಚಿಕೊಳ್ಳಲು.

ಸಂಜೆ ಮಾಸ್ತರರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಾಡಿದರು. ಸ್ವಲ್ಪ ಹೊತ್ತಿಗೇ ದನಿ ನಿಂತಿತು, ಬಡಿಸುವವರ ಕೈಯೂ ನಿಂತಿತು. ಪಕ್ಕದಲ್ಲಿ ನಿಂತಿದ್ದ ಸುಲೋಚನಾ ತಂದೆಯ ಕೈ ಹಿಡಿದುಕೊಂಡಳು.

"ಅಪ್ಪಾ, ಕಣ್ಣು ತೆಗೀರಿ. ಇನ್ನೂ ಭಾಳ ಮಂದಿಗೆ ಬಡಸೂದು ಐತಿ."

ಮಾಸ್ತರರು ಕಣ್ಣು ತೆರೆದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಎದುರಿಗೆ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ, ಮಗಳ ಕೈ ಬಿಡದೆ, ಕೊನೆಯ ತಾಟು ತುಂಬುವವರೆಗೂ ಹಾಡಿದರು.