ಗುದ್ದು ಹೆಚ್ಚೋ, ಪಟ್ಟು ಹೆಚ್ಚೋ

"ಕೇಳ್ರಪ್ಪೋ ಕೇಳಿ! ಗುದ್ದು ಹೆಚ್ಚೋ ಪಟ್ಟು ಹೆಚ್ಚೋ ಅಂತ ಹೊನ್ನಗಿರಿಯ ಬೀದೀಲಿ ತಲೆ ಒಡೆದುಕೊಂಡಿದ್ದು ಸಾಕು! ದೊರೆ ಕೆಂಚರಸರು ಮೂರು ಒಗಟು ಒಡ್ತಾರೆ. ಮೂರನ್ನೂ ಬಿಡಿಸಿದವರಿಗೆ ಊರ ಗರಡಿ ಸ್ವಂತ. ಒಂದು ತಪ್ಪಿದರೂ ಹೊತ್ತು ಮುಳುಗೋದ್ರೊಳಗೆ ತಲೆದಂಡ!"

ಡಂಗುರದವನು ಹೀಗೆ ಸಾರುತ್ತ ಹೋದಾಗ ಎಲುಬು ಕೂಡಿಸುವ ನಿಂಗಾಜಿ ಜಗಲಿಯಲ್ಲಿ ಸೊಪ್ಪು ಅರೆಯುತ್ತಿದ್ದಳು. ಗರಡಿ ಎಂದ ಕೂಡಲೇ ಅವಳ ಕೈ ನಿಂತಿತು. ಅವಳು ಚಿಕ್ಕವಳಿದ್ದಾಗ ಗುದ್ದುವವರೂ ಪಟ್ಟು ಹಿಡಿಯುವವರೂ ಒಂದೇ ಸೂರಿನಡಿ, ಒಂದೇ ಕೆಮ್ಮಣ್ಣಿನಲ್ಲಿ ಹೊರಳುತ್ತಿದ್ದರು. ಕುಸ್ತಿಯಾಡುತ್ತಲೇ ಎಲುಬನ್ನೂ ಕೂಡಿಸುತ್ತಿದ್ದ ಅಪ್ಪ ಮಂಚಯ್ಯ ಆ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಹದ ಮಾಡುತ್ತಿದ್ದ. ಬೆಳಗಾಗುತ್ತಲೇ ಆ ವಾಸನೆ ಬೀದಿಯ ತುದಿಯವರೆಗೂ ಬರುತ್ತಿತ್ತು. ಈಗ ನಡುವೆ ಗೋಡೆಯೆದ್ದಿದೆ, ಆಚೆ ಗುದ್ದಿನವರು, ಈಚೆ ಪಟ್ಟಿನವರು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯವಳು ಓಡಿಬಂದಳು. "ಅಕ್ಕಾ, ನಿನ್ನ ತಮ್ಮ ಕಾಳಯ್ಯನೂ ಒಗಟು ಬಿಡಿಸೋಕೆ ಹೋದನಂತೆ ಕಣಕ್ಕ!"

ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಗುದ್ದಿನವರ ಸಹವಾಸದಲ್ಲಿ ಅವನ ಮುಷ್ಟಿ ಬೆಳೆದಷ್ಟು ಬುದ್ಧಿ ಬೆಳೆದಿರಲಿಲ್ಲ. ಅರೆದ ಸೊಪ್ಪನ್ನು ಅಲ್ಲೇ ಬಿಟ್ಟು ಅವಳು ಅರಮನೆಯ ಅಂಗಳಕ್ಕೆ ಓಡಿದಳು.

ಅಲ್ಲಿ ಪಟ್ಟಿನ ಉಸ್ತಾದ ಬೋರಣ್ಣ ದೊರೆಯ ಮುಂದೆ ಮೀಸೆ ತಿರುವುತ್ತ ನಿಂತಿದ್ದ. ದೊರೆ ಕೇಳಿದ: "ಒಂದು ಸೀಮೆಗೆ ಗುದ್ದುವವನು ಅರಸ, ಪಕ್ಕದ ಸೀಮೆಗೆ ಹಿಡಿಯುವವನು ಅರಸ. ಎರಡರ ಗಡಿಯನ್ನು ಇಬ್ಬರೂ ಮೈಮೇಲೆ ಹೊತ್ತುಕೊಂಡೇ ತಿರುಗುತ್ತಾರೆ. ಏನದು?"

"ಎದೆಬಲ, ಸ್ವಾಮಿ!" ಎಂದ ಬೋರಣ್ಣ. ಭಟರು ಅವನ ಕೈ ಕಟ್ಟಿ ಪಕ್ಕಕ್ಕೆ ಎಳೆದರು.

ಗುದ್ದಿನ ಉಸ್ತಾದ ಲಕ್ಕಣ್ಣ ಮೊದಲನೆಯದನ್ನು ಹೇಗೋ ದೊರೆಯ ಕಿವಿಯಲ್ಲಿ ಉಸುರಿ ಪಾರಾದ. ಎರಡನೆಯದು ಬಂತು: "ಹಗೆಯನ್ನು ಕಟ್ಟುತ್ತದೆ, ಕಟ್ಟಿದವನನ್ನೂ ಕಟ್ಟಿಹಾಕುತ್ತದೆ. ಹಗೆ ಒಬ್ಬನಾದರೆ ಕಾಯುತ್ತದೆ, ಇಬ್ಬರಾದರೆ ಕೊಲ್ಲಿಸುತ್ತದೆ. ಏನದು?"

"ಸಂಕೋಲೆ!" ಎಂದು ಅವನೂ ಕೈ ಕಟ್ಟಿಸಿಕೊಂಡು ಬೋರಣ್ಣನ ಪಕ್ಕ ಸೇರಿದ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದವರು ಈಗ ಹೆಗಲಿಗೆ ಹೆಗಲು ತಾಗಿಸಿ ನಡುಗುತ್ತಿದ್ದರು.

ಕಾಳಯ್ಯನೂ ದೊರೆಯ ಕಿವಿಯಲ್ಲೇ ಉಸುರಿ ಎರಡನ್ನೂ ಬಿಡಿಸಿದ! ಆಗ ದೊರೆಯ ದನಿ ತಗ್ಗಿತು. "ಏಟು ತಿಂದು ಎದ್ದಿದ್ದೇನೆ, ಪಟ್ಟಿನಿಂದ ಜಾರಿಕೊಂಡಿದ್ದೇನೆ. ಒಂದು ಮಾತ್ರ ನನ್ನನ್ನು ಗೆಲ್ಲಿಸಿ ಸೋಲಿಸಿತು. ಮೂವತ್ತು ವರ್ಷವಾದರೂ ಅದರ ಕೆಳಗಿನಿಂದ ಎದ್ದಿಲ್ಲ. ಏನದು?"

"ಸಿಂಹಾಸನ, ಸ್ವಾಮಿ."

ದೊರೆ ತಲೆಯಾಡಿಸಿದ. ಭಟರು ಕಾಳಯ್ಯನ ಕೈ ಹಿಂದಕ್ಕೆ ಕಟ್ಟಿದರು. ನಿಂಗಾಜಿ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ನಾನು ಹೇಳ್ತೀನಿ ಬುದ್ಧಿ. ಮೂರನ್ನೂ."

"ಇದೇನು ಅಡುಗೆಮನೆ ಒಗಟೇನಮ್ಮ?" ಎಂದು ಮಂತ್ರಿ ನಕ್ಕ.

"ಗುದ್ದಿದವರೂ ಹಿಡಿದವರೂ ಕೊನೆಗೆ ನನ್ನ ಜಗಲಿಗೇ ಬರೋದು ಸ್ವಾಮಿ," ಎಂದಳು ನಿಂಗಾಜಿ. "ಮೊದಲನೇದು ತೋಳಿನ ಉದ್ದ. ತೋಳಿನ ಆಚೆ ನಿಂತು ಸೋತವನ ಮೂಗು ಮುರಿದಿರ್ತದೆ, ಒಳಗೆ ಸಿಕ್ಕಿ ಸೋತವನ ಭುಜ ಕಳಚಿರ್ತದೆ. ದೂರ ಇದ್ದರೆ ಗುದ್ದು ದೊಡ್ಡದು, ಮೈ ಸೇರಿದರೆ ಪಟ್ಟು ದೊಡ್ಡದು. ಎರಡನೇದು ಆ ಪಟ್ಟೇ. ಸಂತೇಲಿ ಒಬ್ಬನನ್ನ ತಬ್ಬಿ ಕೆಡವಿಕೊಂಡ ಜಟ್ಟಿ ನನ್ನ ಹತ್ರ ಬಂದಿದ್ದ, ಬೆನ್ನ ತುಂಬ ಇನ್ನೊಬ್ಬನ ಕೋಲಿನ ಬಾಸುಂಡೆ. ಹಿಡಿದ ಕೈಯಿಂದ ತಡೆಯೋದು ಹೆಂಗೆ?"

ದೊರೆ ಮುಂದಕ್ಕೆ ಬಾಗಿದ. "ಮೂರನೆಯದು?"

ನಿಂಗಾಜಿ ಇನ್ನೊಂದು ಹೆಜ್ಜೆ ಮುಂದಿಟ್ಟಳು. "ನಾನು ಏಳು ವರ್ಷದೋಳು. ನಮ್ಮಪ್ಪ ಮಂಚಯ್ಯ ಆಗ ಯುವರಾಜರಾಗಿದ್ದ ನಿಮ್ಮ ಕೂಡೆ ಕುಸ್ತಿ ಮಾಡಿ ಸೋತು ಬಂದ ಅಂದರು. ಎಣ್ಣೆ ತಿಕ್ಕೋಕೆ ಕೂತೆ. ಮೈಮೇಲೆ ಒಂದು ಗಾಯ ಇಲ್ಲ, ಒಂದು ಉಳುಕಿಲ್ಲ. ಎಲ್ಲಪ್ಪ ನೋವು ಅಂದೆ. ಅಪ್ಪ ನಕ್ಕುಬಿಟ್ಟ. 'ಆ ಹುಡುಗನ ಭುಜ ಇನ್ನೊಂದು ಕೂದಲೆಳೆ ತಿರುವಿದ್ದರೆ ಹೋಗ್ತಿತ್ತು ಮಗಾ. ಕೂಡಿಸೋ ಕೈ ಇದು, ಮುರಿಯೋಕೆ ಮನಸ್ಸಾಗಲಿಲ್ಲ. ಬಿಟ್ಟು ಬಿದ್ದುಕೊಂಡೆ' ಅಂದ. ಬಿಟ್ಟ ಪಟ್ಟು ಬುದ್ಧಿ, ನಿಮ್ಮನ್ನ ಗೆಲ್ಲಿಸಿ ಸೋಲಿಸಿದ್ದು ಅದೇ."

ದೊರೆಯ ಕಣ್ಣು ತುಂಬಿತ್ತು. "ಮತ್ತೆ ಬಾ ಅಂತ ಎಷ್ಟು ಸಲ ಹೇಳಿಕಳಿಸಿದೆ," ಎಂದ, "ಬರಲೇ ಇಲ್ಲ ಅವನು. ಹಾಗಾದರೆ ನೀನೇ ಹೇಳು ತಾಯಿ, ಗುದ್ದು ಹೆಚ್ಚೋ ಪಟ್ಟು ಹೆಚ್ಚೋ?"

"ಗೆಲ್ಲೋಕೆ ಎರಡೂ ಬೇಕು ಬುದ್ಧಿ. ಆದರೆ ಬೀಸಿದ ಗುದ್ದನ್ನ ನಡುವೆ ನಿಲ್ಲಿಸೋಕಾಗಲ್ಲ. ಪಟ್ಟನ್ನ ಕಡೇ ಗಳಿಗೇಲೂ ಬಿಡಬಹುದು." ಅವಳು ತಮ್ಮನತ್ತ ನೋಡಿದಳು. "ನೀವು ಇನ್ನೂ ಕತ್ತಿ ಬೀಸಿಲ್ಲ."

ದೊರೆ ಕೈಯೆತ್ತಿದ. ಭಟರು ಮೂವರ ಕಟ್ಟನ್ನೂ ಬಿಚ್ಚಿದರು. ಕಾಳಯ್ಯ ಅಕ್ಕನ ಕಾಲಿಗೆ ಬಿದ್ದು ಮಗುವಿನಂತೆ ಅತ್ತ. ಸಾರಿದ ಮಾತಿನಂತೆ ಗರಡಿ ನಿಂಗಾಜಿಯದಾಯಿತು. ನಡುವಿನ ಗೋಡೆ ಕೆಡವುವ ಕೆಲಸವನ್ನು ಅವಳು ಇಬ್ಬರು ಉಸ್ತಾದರಿಗೇ ವಹಿಸಿದಳು, ಮೀಸೆಗೆ ಮಣ್ಣಾದರೂ ಅವರು ಹಾರೆ ಕೆಳಗಿಡಲಿಲ್ಲ.

ಜನ ಚದುರಿದ ಮೇಲೆ ದೊರೆ ಮೆಟ್ಟಿಲಿಳಿದು ಅವಳ ಮುಂದೆ ನೆಲದ ಮೇಲೆ ಕೂತ. ಶಲ್ಯ ಸರಿಸಿ ಬಲಭುಜ ತೋರಿಸಿದ.

"ಚಳಿಗಾಲದಲ್ಲಿ ಈಗಲೂ ನೋಯುತ್ತದೆ," ಎಂದ. "ಯಾರಿಗೂ ಹೇಳಿರಲಿಲ್ಲ."

ನಿಂಗಾಜಿ ಆ ಭುಜದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಅಪ್ಪ ಪಟ್ಟು ಬಿಟ್ಟ ಜಾಗ ಅವಳ ಕೈಗೆ ಸಿಕ್ಕಿತು.